ಕಟ್ಟಿಗೆಯೋ, ಜಿಐ ಚಾನಲ್ಲೋ?

ಬೇಸ್‌ಮೆಂಟಿನಲ್ಲಿ ಒಂದು ರೂಮು ಮಾಡಿಸಬೇಕು ಅಂತ ಹುಬ್ಬಳ್ಳಿಯ ಅಂಗಡಿಗಳನ್ನು ಸುತ್ತಿ ಬಂದೆ. ಗೋಡೆಗೆ ನನಗೆ ಕಟ್ಟಿಗೆ ಫ್ರೇಮೇ ಇಷ್ಟ. ಬಡಿಗೇರರು ಒಪ್ಪಲಿಲ್ಲ. "ಎರಿ ಮಣ್ಣಿನ ಜಾಗಾರೀ ಸರ, ಮಳಿಗಾಲದಾಗ ಗ್ವಾಡಿ ತಂಪು ಹಿಡಿತೈತಿ. ಕಟ್ಟಿಗಿ ಹಾಕಿದ್ರ ಗೆದ್ದಲಿಗೆ ಊಟ ಹಾಕಿದಂಗ." ತಮ್ಮ ಕೆಲಸವನ್ನೇ ಬೇಡ ಅನ್ನುವವರು ಎಷ್ಟು ಜನ ಸಿಗ್ತಾರೆ ಹೇಳಿ! ಇಂಥವರ ಮಾತಿಗೆ ಬೆಲೆ ಜಾಸ್ತಿ, ಅಲ್ವಾ?

ಕೊನೆಗೆ ಜಿಐ ಚಾನಲ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪಟ್ಟಿ, ತಗೊಂಡೆ. ನೋಡೋಕೆ ಎಲ್ಲವೂ ಒಂದೇ. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ತೆಳುವಾದದ್ದು ಬಾಗುತ್ತದೆ. ರೇಟು ಕಡಿಮೆ ಯಾಕೆ ಅಂತ ಅಲ್ಲೇ ಗೊತ್ತಾಯ್ತು. ಈ ಫ್ರೇಮಿಗೆ ಹೊಡೆಯುವ ಜಿಪ್ಸಮ್ ಬೋರ್ಡ್ 4 ಅಡಿ ಅಗಲ. 2 ಅಡಿಗೊಂದು ಸ್ಟಡ್, ಅಂದರೆ ನೆಟ್ಟಗಿನ ಚಾನಲ್, ನಿಲ್ಲಿಸಿದರೆ ಬೋರ್ಡಿನ ಅಂಚು ಸ್ಟಡ್ ಮೇಲೆಯೇ ಬರುತ್ತದೆ. ತೇವ ತಡೆಯುವ ಬೋರ್ಡಿಗೆ ದುಡ್ಡು ಜಾಸ್ತಿ, ಆದರೂ ಅದನ್ನೇ ಹೇಳಿ ಬಂದಿದ್ದೇನೆ. ಗೋಡೆಯಲ್ಲಿ ನೀರು ಜಿನುಗಿದರೆ ಅದೂ ಉಳಿಯಲ್ಲ. ಮೊದಲು ವಾಟರ್‌ಪ್ರೂಫಿಂಗ್ ಮುಗಿಯಲಿ.