ಕಂತು ಇಳಿಸಬೇಡಿ, ವರ್ಷ ಇಳಿಸಿ

ಇಂಗ್ಲೆಂಡಿನಲ್ಲಿ ಮನೆ ತಗೊಂಡ ಸುದ್ದಿ ಮೈಸೂರಿನ ಕುವೆಂಪುನಗರಕ್ಕೆ ಮುಟ್ಟಿದರೆ ದೊಡ್ಡಪ್ಪ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸಾಲ ಮಾಡ್ದೆ?’, ಎರಡನೆಯದು ‘ಯಾವತ್ತಿಗೆ ತೀರುತ್ತೆ?’ ‘25 ವರ್ಷ ದೊಡ್ಡಪ್ಪ’ ಎಂದರೆ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಕಾಗದದಲ್ಲಿ 25, 30, ಈಗೀಗ 35 ವರ್ಷವೂ ಇರುತ್ತದೆ. ಆದರೆ ಅಷ್ಟು ವರ್ಷ ಕಟ್ಟಲೇಬೇಕು ಅಂತೇನಿಲ್ಲ. ಕಂತಿನ ಮೇಲೆ ಕೈಯಿಂದ ಇನ್ನಷ್ಟು ಕಟ್ಟುವುದಕ್ಕೆ ಇಲ್ಲಿ ಓವರ್‌ಪೇಮೆಂಟ್ ಅನ್ನುತ್ತಾರೆ. ಮೈಸೂರಿನ ಬ್ಯಾಂಕಿನಲ್ಲಿ ಅದೇ ಪಾರ್ಟ್ ಪೇಮೆಂಟ್. ಲೆಕ್ಕ ಎರಡೂ ಕಡೆ ಒಂದೇ, ನಿಯಮ ಮಾತ್ರ ಬೇರೆ. ನಿಯಮದಲ್ಲಿ ಊರಿನ ಸಾಲಗಾರನಿಗೇ ಹೆಚ್ಚು ಸಲೀಸು ಅನ್ನುವುದನ್ನು ಮುಂದೆ ಹೇಳುತ್ತೇವೆ.

ಮೊದಲು ಲೆಕ್ಕ. 2 ಲಕ್ಷ ಪೌಂಡ್ ಸಾಲ, ಶೇ. 4.5 ಬಡ್ಡಿ, 25 ವರ್ಷ ಅಂತಿಟ್ಟುಕೊಳ್ಳಿ. ತಿಂಗಳ ಕಂತು 1,111 ಪೌಂಡ್ ಚಿಲ್ಲರೆ. ಮೊದಲ ತಿಂಗಳು ಅದರಲ್ಲಿ 750 ಪೌಂಡ್ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಿಗುವುದು 361. ಕೊನೆಯವರೆಗೂ ಹೀಗೇ ಕಟ್ಟಿದರೆ ಬಡ್ಡಿಯೊಂದೇ 1,33,500 ಪೌಂಡ್ ಆಗುತ್ತದೆ. ಇದರ ಮೇಲೆ ತಿಂಗಳಿಗೆ 200 ಪೌಂಡ್ ಸೇರಿಸಿ ಕಟ್ಟುತ್ತಾ ಹೋದರೆ ಸಾಲ 18 ವರ್ಷ 11 ತಿಂಗಳಿಗೆ ಮುಗಿಯುತ್ತದೆ. ಉಳಿಯುವ ಬಡ್ಡಿ ಸುಮಾರು 36,000 ಪೌಂಡ್, ಉಳಿಯುವ ಕಾಲ ಆರು ವರ್ಷ.

ಹೆಚ್ಚಿಗೆ ಕಟ್ಟಿದ ದುಡ್ಡು ಪೂರ್ತಿ ಅಸಲಿಗೇ ಹೋಗುತ್ತದೆ, ಮುಂದಿನ ಬಡ್ಡಿ ಆ ಇಳಿದ ಅಸಲಿನ ಮೇಲೆ ಬೀಳುತ್ತದೆ. ಆದ್ದರಿಂದಲೇ ಮೊದಲ ವರ್ಷಗಳ ಪೌಂಡಿಗೆ ತೂಕ ಹೆಚ್ಚು. ಇದೇ ಸಾಲದಲ್ಲಿ ಶುರುವಿನಲ್ಲೇ ಕಟ್ಟಿದ ಒಂದು ಸಾವಿರ ಪೌಂಡ್ ಕೊನೆಗೆ 2,000ಕ್ಕೂ ಮೀರಿ ಬಡ್ಡಿ ಉಳಿಸುತ್ತದೆ. ಅದೇ ಸಾವಿರವನ್ನು 20ನೇ ವರ್ಷದಲ್ಲಿ ಕಟ್ಟಿದರೆ ಉಳಿಯುವುದು 250 ಪೌಂಡ್. ‘ಮಕ್ಕಳ ಓದು ಮುಗೀಲಿ, ಆಮೇಲೆ ನೋಡೋಣ’ ಅನ್ನುವವರು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು.

ಹೆಚ್ಚಿನವರು ಎಡವುವುದು ಕಟ್ಟುವುದರಲ್ಲಲ್ಲ, ಹೇಳುವುದರಲ್ಲಿ. ಹೆಚ್ಚಿಗೆ ಕಟ್ಟಿದಾಗ ಬ್ಯಾಂಕು ಎರಡರಲ್ಲಿ ಒಂದು ಮಾಡಬಹುದು: ಕಂತನ್ನು ಅಷ್ಟೇ ಇಟ್ಟು ಅವಧಿ ಇಳಿಸಬಹುದು, ಇಲ್ಲವೇ ಅವಧಿಯನ್ನು ಹಾಗೇ ಬಿಟ್ಟು ಕಂತು ಇಳಿಸಬಹುದು. ದೊಡ್ಡ ಮೊತ್ತ ಒಟ್ಟಿಗೆ ಕಟ್ಟಿದಾಗ ಎಷ್ಟೋ ಕಡೆ ತಾನಾಗಿಯೇ ಎರಡನೆಯದು ಆಗಿಬಿಡುತ್ತದೆ. ಕಂತು 40 ಪೌಂಡ್ ಇಳಿಯಿತು ಅಂತ ಖುಷಿಯಾಗುತ್ತದೆ, ಆ 40 ದಿನಸಿಯಲ್ಲಿ ಕರಗಿಹೋಗುತ್ತದೆ, 25 ವರ್ಷ 25 ಆಗಿಯೇ ಕೂತಿರುತ್ತದೆ. ಕಟ್ಟುವ ಮೊದಲೇ ‘ಅವಧಿ ಇಳಿಸಿ’ ಅಂತ ಬರಹದಲ್ಲಿ ತಿಳಿಸಿ. ಅದಕ್ಕೆ ಅವರು ಒಪ್ಪದಿದ್ದರೆ ಇಳಿದ ಕಂತಿನ ವ್ಯತ್ಯಾಸವನ್ನು ಓವರ್‌ಪೇಮೆಂಟಿಗೇ ಸೇರಿಸಿ. ತಿಂಗಳಿಗೆ ಕಟ್ಟುವ ಒಟ್ಟು ದುಡ್ಡು ಮೊದಲಿನಷ್ಟೇ ಇದ್ದರೆ ಫಲವೂ ಅದೇ.

ಇದೇ ಬಲೆ ಇನ್ನೊಂದು ರೂಪದಲ್ಲಿ ಬರುತ್ತದೆ. ಇಲ್ಲಿನ ಸಾಲದಲ್ಲಿ ಬಡ್ಡಿ ಎರಡೋ ಐದೋ ವರ್ಷಕ್ಕೆ ನಿಗದಿ. ಅದು ಮುಗಿದು ಹೊಸ ದರಕ್ಕೆ ಹೋದಾಗ, ಉಳಿದ ಬಾಕಿಯನ್ನು ಹಳೆಯ ಕೊನೆ ದಿನಾಂಕದವರೆಗೆ ಹಂಚಿ ಹೊಸ ಕಂತು ಹಾಕುತ್ತಾರೆ. ಐದು ವರ್ಷ ಹೆಚ್ಚಿಗೆ ಕಟ್ಟಿದ್ದೆಲ್ಲ ಸದ್ದಿಲ್ಲದೆ ‘ಕಡಿಮೆ ಕಂತು’ ಆಗಿಬಿಡುತ್ತದೆ. ಹೊಸ ಕಂತು 1,050ಕ್ಕೆ ಇಳಿಯಿತೋ, ಓವರ್‌ಪೇಮೆಂಟನ್ನು ಅಂದೇ 61 ಪೌಂಡ್ ಏರಿಸಿ. ಬೇಕಾದರೆ ಅವಧಿಯನ್ನೇ ಅಧಿಕೃತವಾಗಿ ಕಡಿಮೆ ಮಾಡಿಸಿಕೊಳ್ಳಬಹುದು. ಆದರೆ ಆಗ ದೊಡ್ಡ ಕಂತು ಕಡ್ಡಾಯ. ಕಾಗದದಲ್ಲಿ ಅವಧಿ ಉದ್ದ ಇಟ್ಟುಕೊಂಡು ಸ್ವಂತ ಇಚ್ಛೆಯಿಂದ ಹೆಚ್ಚು ಕಟ್ಟುವುದೇ ನಮ್ಮ ಪ್ರಕಾರ ಜಾಣತನ. ಕೆಲಸ ಹೋದ ತಿಂಗಳು ನಿಲ್ಲಿಸಬಹುದು.

ಇಂಗ್ಲೆಂಡಿನಲ್ಲಿ ಮನಸ್ಸಿಗೆ ಬಂದಷ್ಟು ಕಟ್ಟುವ ಹಾಗಿಲ್ಲ. ನಿಗದಿ ದರದ ಅವಧಿಯಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಬಾಕಿಯ ಶೇ. 10ರವರೆಗೆ ದಂಡವಿಲ್ಲ. ಅದನ್ನು ದಾಟಿದರೆ ಶೇ. 1ರಿಂದ 5ರವರೆಗೆ ಶುಲ್ಕ, ವರ್ಷ ಕಳೆದಂತೆ ಅದು ಇಳಿಯುತ್ತದೆ. 2 ಲಕ್ಷ ಬಾಕಿಯಿದ್ದಾಗ 25,000 ಕಟ್ಟಿದರೆ ಮಿತಿ ಮೀರಿದ್ದು 5,000. ಶುಲ್ಕ ಶೇ. 3 ಇದ್ದರೆ 150 ಪೌಂಡ್ ಹೋಯಿತು. ಆ ‘ವರ್ಷ’ ಜನವರಿಗೆ ಶುರುವೋ, ಸಾಲ ತೆಗೆದ ತಿಂಗಳಿಗೋ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆಫರ್ ಪತ್ರದಲ್ಲಿ ಅದಿರುತ್ತದೆ, ಆದರೆ ಓದುವವರು ಕಡಿಮೆ.

ದರ ಬದಲಿಸುವ ಮುಂಚೆ ಸಾಲ ಮತ್ತು ಮನೆಬೆಲೆಯ ಪ್ರಮಾಣ ನೋಡಿಕೊಳ್ಳಿ. ಶೇ. 90, 85, 80, 75, 60 ಹೀಗೆ ಮೆಟ್ಟಿಲುಗಳಿವೆ, ಒಂದು ಮೆಟ್ಟಿಲು ಕೆಳಗಿಳಿದರೆ ಸಾಮಾನ್ಯವಾಗಿ ಬಡ್ಡಿಯೂ ಇಳಿಯುತ್ತದೆ. ಮನೆ 2,60,000, ಸಾಲ 2 ಲಕ್ಷ ಅಂದರೆ ಶೇ. 77ರ ಹತ್ತಿರ. ಇನ್ನು 5,000 ಕಟ್ಟಿದರೆ ಸರಿಯಾಗಿ 75. ಆ 5,000 ಇಡೀ ಸಾಲದ ದರವನ್ನು ಎಳೆದು ಇಳಿಸುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ನಿಂತವರು ಬೇರೆಲ್ಲ ಖರ್ಚು ಮುಂದೂಡಿ ಇದನ್ನು ಮಾಡಬೇಕು.

ಕಟ್ಟುವ ವಿಧಾನ ಸರಳ. ಕಂತನ್ನು ಬ್ಯಾಂಕೇ ಡೈರೆಕ್ಟ್ ಡೆಬಿಟ್‌ನಲ್ಲಿ ಎಳೆದುಕೊಳ್ಳುತ್ತದೆ. ಓವರ್‌ಪೇಮೆಂಟಿಗೆ ನೀವೇ ಸ್ಟ್ಯಾಂಡಿಂಗ್ ಆರ್ಡರ್ (ತಿಂಗಳು ತಿಂಗಳು ಇಷ್ಟು ದುಡ್ಡು ಕಳಿಸು ಎಂದು ನಿಮ್ಮ ಬ್ಯಾಂಕಿಗೆ ಕೊಡುವ ಸೂಚನೆ) ಹಾಕಬೇಕು, ಸಂಬಳ ಬಿದ್ದ ಮಾರನೆಯ ದಿನಕ್ಕೆ. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ. ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವ ಬ್ಯಾಂಕಾದರೆ 2 ಲಕ್ಷಕ್ಕೆ ದಿನಕ್ಕೆ 24 ಪೌಂಡ್ ಚಿಲ್ಲರೆ ಓಡುತ್ತಿರುತ್ತದೆ, ಹಾಗಾಗಿ ಬೇಗ ಕಟ್ಟಿದಷ್ಟೂ ಲಾಭ. ರೆಫರೆನ್ಸ್ ಜಾಗದಲ್ಲಿ ಸಾಲದ ಖಾತೆ ಸಂಖ್ಯೆ ತಪ್ಪಿದರೆ ದುಡ್ಡು ಯಾವುದೋ ಮೂಲೆಯಲ್ಲಿ ಕೂರುತ್ತದೆ, ಸಾಲಕ್ಕೆ ಜಮೆಯಾಗುವುದಿಲ್ಲ. ಮೊದಲ ಸಲ 10 ಪೌಂಡ್ ಕಳಿಸಿ, ಬಾಕಿ ಇಳಿಯಿತಾ ನೋಡಿ, ಆಮೇಲೆ ದೊಡ್ಡದು ಹಾಕಿ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿದ ದಿನ ಹಳೆಯ ಸ್ಟ್ಯಾಂಡಿಂಗ್ ಆರ್ಡರ್ ರದ್ದುಮಾಡುವುದು ಮರೆಯಬೇಡಿ. ‘ಹೋದ ತಿಂಗಳು ಜಾಸ್ತಿ ಕಟ್ಟಿದೀನಲ್ಲ’ ಅಂತ ಈ ತಿಂಗಳ ಕಂತು ಬಿಟ್ಟರೆ ಅದು ಬಾಕಿ ಬಿದ್ದ ಕಂತೇ. ಮೊದಲೇ ಕೇಳಿ ಒಪ್ಪಿಸಿಕೊಳ್ಳದಿದ್ದರೆ ಸಾಲದ ಚರಿತ್ರೆಯಲ್ಲಿ ಕಪ್ಪುಚುಕ್ಕೆ ಉಳಿಯುತ್ತದೆ.

ಒಮ್ಮೆ ಸಾಲದೊಳಗೆ ಹೋದ ದುಡ್ಡು ಬೇಕಾದಾಗ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅದಕ್ಕೇ ಮೂರರಿಂದ ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿರಬೇಕು. ವೀಸಾ ಮೇಲಿರುವವರು ಆರಕ್ಕಿಂತ ಕಮ್ಮಿ ಇಡಬಾರದು, ಊರಿಗೆ ಹಠಾತ್ತಾಗಿ ಹೊರಡುವ ವಿಮಾನದ ಖರ್ಚೂ ಅದರಲ್ಲಿ ಸೇರಿರಲಿ. ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟುಕೊಂಡು ಮನೆಸಾಲಕ್ಕೆ ಹೆಚ್ಚಿಗೆ ಕಟ್ಟುವುದು ತೂತು ಬಿದ್ದ ಬಿಂದಿಗೆಗೆ ನೀರು ತುಂಬಿದ ಹಾಗೆ. ಇನ್ನು ದರ. 2021ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ದರ ಶೇ. 0.1 ಇತ್ತು, 2023ರ ಆಗಸ್ಟ್ ಹೊತ್ತಿಗೆ 5.25 ಆಯಿತು. 2021ರಲ್ಲಿ ಶೇ. 1.5ಕ್ಕೆ ಐದು ವರ್ಷ ಕಟ್ಟಿಹಾಕಿಕೊಂಡವರಿಗೆ 2023ರಲ್ಲಿ ಉಳಿತಾಯ ಖಾತೆಯೇ ಹೆಚ್ಚು ಕೊಡುತ್ತಿತ್ತು. ಅಂಥವರು ದುಡ್ಡನ್ನು ಪಕ್ಕಕ್ಕೆ ಕೂಡಿಟ್ಟು ಅವಧಿ ಮುಗಿದ ದಿನ ಒಟ್ಟಿಗೆ ಕಟ್ಟುವುದೇ ಸರಿ. ಹೋಲಿಸುವಾಗ ತೆರಿಗೆ ಕಳೆದು ನೋಡಿ. ಶೇ. 40ರ ತೆರಿಗೆದಾರನಿಗೆ ಉಳಿತಾಯದ ಬಡ್ಡಿಗಿರುವ ವಿನಾಯಿತಿ ಮುಗಿದ ಮೇಲೆ ಶೇ. 4.5ರ ಬಡ್ಡಿ ಕೈಗೆ ಬರುವುದು 2.7. ಐಸಾ ಖಾತೆಯಲ್ಲಿ ತೆರಿಗೆಯಿಲ್ಲ. ಊರಿನ ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಅನಿವಾಸಿ ಖಾತೆ) ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ನಿಜ, ಆದರೆ ಇಲ್ಲಿ ನೆಲೆಸಿ ಕೆಲವು ವರ್ಷವಾದವರಿಗೆ ಅದು ಇಲ್ಲಿನ ತೆರಿಗೆಗೆ ಬರುತ್ತದೆ.

ಆ 200 ಪೌಂಡ್ ಎಲ್ಲಿಂದ ಬರಬೇಕು? ಹೊಟ್ಟೆ ಕಟ್ಟಿ ಅಲ್ಲ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ 10 ಕಂತು, ಫೆಬ್ರವರಿ ಮತ್ತು ಮಾರ್ಚ್ ಖಾಲಿ. ಆ ಎರಡು ತಿಂಗಳ ದುಡ್ಡು ನೇರ ಸಾಲಕ್ಕೆ ಹೋಗಲಿ. ಗ್ಯಾಸ್ ಬಿಲ್ಲನ್ನೂ ಇಳಿಸಬಹುದು. ಕಾಂಬಿ ಬಾಯ್ಲರಿನಿಂದ (ನಲ್ಲಿಗೂ ಮನೆ ಬೆಚ್ಚಗಿಡಲೂ ನೀರು ಕಾಯಿಸುವ ಯಂತ್ರ) ರೇಡಿಯೇಟರಿಗೆ ಹೋಗುವ ನೀರನ್ನು ಎಷ್ಟೋ ಕಡೆ 75 ಡಿಗ್ರಿಯ ಆಸುಪಾಸಿಗೆ ಇಟ್ಟಿರುತ್ತಾರೆ. 60ಕ್ಕೋ ಅದಕ್ಕಿಂತ ಕೆಳಕ್ಕೋ ತನ್ನಿ. ವಾಪಸ್ ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಹೊಗೆಯಲ್ಲಿರುವ ಆವಿ ನೀರಾಗಿ ಅದರ ಶಾಖ ಮನೆಗೆ ದಕ್ಕುತ್ತದೆ, ಇಲ್ಲದಿದ್ದರೆ ಕೊಳವೆಯಲ್ಲಿ ಆಕಾಶಕ್ಕೆ. ಮನೆ ಬೆಚ್ಚಗಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ. ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಟ್ಯಾಂಕಿನ ನೀರನ್ನು ಮಾತ್ರ 60ಕ್ಕಿಂತ ಇಳಿಸಬೇಡಿ, ರೋಗಾಣು ಬೆಳೆಯುತ್ತದೆ. ವಾರಕ್ಕೆ ಮೂರು ದಿನ ಆಫೀಸಿನ ಹತ್ತಿರ 7 ಪೌಂಡಿನ ಊಟ ಅಂದರೆ ತಿಂಗಳಿಗೆ 90. ಊರಿಂದ ತಂದ ಹುಳಿಪುಡಿ, 20 ಕೆಜಿ ಅಕ್ಕಿ ಮೂಟೆ, ತೊಗರಿಬೇಳೆ ಮನೆಯಲ್ಲಿದ್ದರೆ ಡಬ್ಬಿಗೆ ಬಿಸಿಬೇಳೆಬಾತ್ ಕಟ್ಟಲು ಅದರ ಕಾಲು ಭಾಗವೂ ಆಗುವುದಿಲ್ಲ. ಫೋನಿನ ಎರಡು ವರ್ಷದ ಒಪ್ಪಂದ ಮುಗಿದ ಮೇಲೂ ಹಳೆಯ ಬಿಲ್ಲೇ ಕಟ್ಟುತ್ತಿರುವವರಿದ್ದಾರೆ, ಸಿಮ್ ಮಾತ್ರದ ಯೋಜನೆಗೆ ಬದಲಿಸಿ. ಇಷ್ಟೆಲ್ಲ ಮಾಡಿಯೂ ಬಾಗಿಲಲ್ಲಿ ಸಾಲದ ಹೊಸ ಕಾರು ನಿಂತಿದ್ದರೆ ಪ್ರಯೋಜನವಿಲ್ಲ. ನಮ್ಮವರ ದೊಡ್ಡ ಸೋರಿಕೆ ಅದೇ.

ಈಗ ಊರಿನ ಮಾತು. ಬದಲಾಗುವ ಬಡ್ಡಿಯ ಮನೆಸಾಲವನ್ನು ವ್ಯಕ್ತಿಯೊಬ್ಬ ಮುಂಚೆಯೇ ಕಟ್ಟಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಶೇ. 10ರ ಮಿತಿ, ಶುಲ್ಕದ ಮೆಟ್ಟಿಲು ಯಾವುದೂ ಇಲ್ಲ. 40 ಲಕ್ಷ ಸಾಲ, ಶೇ. 8.5, 20 ವರ್ಷಕ್ಕೆ ಕಂತು 34,713 ರೂ. ದಸರಾ ಬೋನಸ್ಸೋ ಮತ್ತೊಂದೋ, ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೆ ಮೂರು ವರ್ಷಕ್ಕೂ ಮೀರಿ ಬೇಗ ಮುಗಿಯುತ್ತದೆ. ಮಂಡ್ಯದ ಕಡೆ ಕಬ್ಬಿನ ದುಡ್ಡು ಬರುವುದೇ ಇಡಿಗಂಟಾಗಿ. ಅದು ಬಂದ ವಾರವೇ ಒಂದು ಪಾಲು ಸಾಲಕ್ಕೆ ಹೋಗಲಿ, ಒಡವೆ ಅಂಗಡಿಯ ಸರದಿ ಆಮೇಲೆ. ‘ಟ್ಯಾಕ್ಸ್ ಉಳಿಯುತ್ತೆ ಅಂತ ಸಾಲ ಇಟ್ಕೊಂಡಿದೀನಿ’ ಅನ್ನುವವರಿಗೊಂದು ಮಾತು: ಸ್ವಂತಕ್ಕೆ ವಾಸವಿರುವ ಮನೆಯ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ 2 ಲಕ್ಷದವರೆಗೆ ಮಾತ್ರ, ಹೊಸದರಲ್ಲಿ ಅದೂ ಇಲ್ಲ. ಮೇಲಿನ ಸಾಲಕ್ಕೆ ಮೊದಲ ವರ್ಷದ ಬಡ್ಡಿಯೇ 3.3 ಲಕ್ಷ ದಾಟುತ್ತದೆ.

ಊರಿನ ಸಾಲದ ಅಪಾಯ ಬೇರೆ ಕಡೆ ಇದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ. 4ರಿಂದ 6.5ಕ್ಕೆ ಏರಿತು. 40 ಲಕ್ಷವನ್ನು ಶೇ. 7ಕ್ಕೆ 20 ವರ್ಷಕ್ಕೆ ತೆಗೆದವರ ಕಂತು 31,012. ಒಂದು ವರ್ಷ ಕಟ್ಟಿದ ಮೇಲೆ ದರ 9.5 ಆಯಿತು ಅನ್ನಿ. ಆಗ ತಿಂಗಳ ಬಡ್ಡಿಯೇ 30,913. ಅಸಲಿಗೆ ಹೋಗುವುದು ನೂರು ರೂಪಾಯಿಯೂ ಇಲ್ಲ! ಕಂತು ಏರಿಸದೆ ಅವಧಿ ಎಳೆದಾಗ ಆಗುವುದು ಇದು. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆಯ ಪ್ರಕಾರ ಕಂತು ಏರಿಸಬೇಕೋ ಅವಧಿ ಉದ್ದ ಮಾಡಬೇಕೋ ಎಂಬ ಆಯ್ಕೆಯನ್ನು ಬ್ಯಾಂಕು ಸಾಲಗಾರನಿಗೆ ಕೊಡಬೇಕು. ಶಾಖೆಗೆ ಹೋಗಿ ‘ಇನ್ನೆಷ್ಟು ಕಂತು ಉಳಿದಿದೆ?’ ಅಂತ ವರ್ಷಕ್ಕೊಮ್ಮೆ ಕೇಳಿ, ಆ ಪಟ್ಟಿ ಕಾಗದದಲ್ಲಿ ಪಡೆಯಿರಿ.

ಎರಡೂ ಕಡೆ ಸಾಲ ಇರುವವರು ಯಾವುದನ್ನು ಮೊದಲು ತೀರಿಸಬೇಕು? ಶೇ. 4.5ರ ಎದುರು 8.5 ಅಂದರೆ ಉತ್ತರ ಮೇಲ್ನೋಟಕ್ಕೆ ಸುಲಭ. ಆದರೆ ಸಂಬಳ ಪೌಂಡಿನಲ್ಲಿದ್ದು, ರೂಪಾಯಿ ವರ್ಷಕ್ಕೆ ಶೇ. 3ರಷ್ಟು ಇಳಿದರೆ ಮೈಸೂರಿನ ಬೋಗಾದಿಯ ಮನೆಸಾಲದ ಶೇ. 8.5, ಪೌಂಡಿನ ಲೆಕ್ಕದಲ್ಲಿ 5.5ರ ಆಸುಪಾಸಿಗೆ ಬರುತ್ತದೆ. ಇಳಿಯದಿದ್ದರೆ 8.5 ಪೂರ್ತಿ ನಿಮ್ಮ ತಲೆಮೇಲೆ. ಆದ್ದರಿಂದ ಮೈಸೂರಿನದನ್ನೇ ಮೊದಲು ಮುಗಿಸಿ ಎನ್ನುತ್ತೇವೆ. ಮಿತಿಯಿಲ್ಲ, ದಂಡವಿಲ್ಲ, ಮೊತ್ತವೂ ಸಾಮಾನ್ಯವಾಗಿ ಚಿಕ್ಕದು. ಮುಗಿದ ಮೇಲೆ ಅದರ ಕಂತು ಇಡಿಯಾಗಿ ಇಲ್ಲಿನ ಸಾಲಕ್ಕೆ ತಿರುಗುತ್ತದೆ. ದುಡ್ಡು ಎನ್‌ಆರ್‌ಇ ಅಥವಾ ಎನ್‌ಆರ್‌ಒ (ಭಾರತದ ಗಳಿಕೆಗಿರುವ ಅನಿವಾಸಿ) ಖಾತೆಯ ಮೂಲಕವೇ ಹೋಗಲಿ. ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಆ ಮನೆ ಬಾಡಿಗೆಗಿದ್ದರೆ ಬಾಡಿಗೆದಾರರು ಶೇ. 30 ಮತ್ತು ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮನೆಯೊಡೆಯ ವಿದೇಶದಲ್ಲಿದ್ದಾನೆ ಎಂಬ ಕಾರಣಕ್ಕೆ ಈ ಹೊಣೆ ತಮ್ಮ ಮೇಲೆ ಬರುತ್ತದೆಂದು ಎಷ್ಟೋ ಬಾಡಿಗೆದಾರರಿಗೆ ಗೊತ್ತಿರುವುದಿಲ್ಲ.

ಸಾಲ ತೀರಿದ ದಿನದ ಕೆಲಸಗಳೂ ಇವೆ. ಇಲ್ಲಿ ಆ್ಯಪಿನಲ್ಲಿ ಕಾಣುವ ಬಾಕಿಯನ್ನು ಕಟ್ಟಿ ಮುಗಿಯಿತು ಅಂದುಕೊಳ್ಳಬೇಡಿ. ಆ ದಿನದವರೆಗಿನ ಬಡ್ಡಿ, ಖಾತೆ ಮುಚ್ಚುವ ಶುಲ್ಕ ಸೇರಿದ ರಿಡೆಂಪ್ಶನ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಕೆಲವು ವಾರದ ನಂತರ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಿಂದ ಬ್ಯಾಂಕಿನ ಹೆಸರು ಹೋಗಿದೆಯೇ ನೋಡಿ. ಮೈಸೂರಿನಲ್ಲಾದರೆ ಮೂಲಪತ್ರಗಳನ್ನು ಬ್ಯಾಂಕು 30 ದಿನದೊಳಗೆ ಕೊಡಬೇಕು. ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ತೆಗೆಯುವಾಗ ಕೊಟ್ಟ ಕಾಗದಗಳ ಪಟ್ಟಿ ಕೈಯಲ್ಲಿಟ್ಟುಕೊಂಡು ಒಂದೊಂದೇ ಹಾಳೆ ಎಣಿಸಿ ತಗೊಳ್ಳಿ. ಅಡಮಾನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆದು, ಆ ಬಿಡುಗಡೆ ಅದರಲ್ಲಿ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಹತ್ತು ವರ್ಷ ಬಿಟ್ಟು ಮನೆ ಮಾರಲು ಹೊರಟಾಗ, ಆ ಹೊತ್ತಿಗೆ ಬೇರೊಂದು ಬ್ಯಾಂಕಿನಲ್ಲಿ ವಿಲೀನವಾಗಿರುವ ಶಾಖೆಯನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.