ಮೂತಿ ಎತ್ತಿಕೊಂಡು ನಿಂತ ಎಂಜಿಬಿ

ಸ್ಪ್ರಿಂಗ್ ಬದಲಾಯಿಸಿ ಕಾರನ್ನ ಒಂದಿಂಚು ತಗ್ಗಿಸಬೇಕು ಅಂತ ಶನಿವಾರ ಬೆಳಿಗ್ಗೆ ಶುರು ಮಾಡಿದ್ದು, ಭಾನುವಾರ ಸಂಜೆ ಜಾಕ್ ತೆಗೆದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡ್ತೀನಿ, ಹಿಂದೆ ಸರಿಯಾಗಿ ಇಳಿದಿದೆ, ಮುಂದೆ ಮಾತ್ರ ಮೊದಲು ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ ಎತ್ತರಕ್ಕೆ ಮೂತಿ ಎತ್ತಿಕೊಂಡು ನಿಂತಿದೆ. ಕೈಯೆಲ್ಲ ಗ್ರೀಸು, ಬೆರಳ ಗೆಣ್ಣು ಎರಡು ಕಡೆ ಕಿತ್ತು ಉರೀತಿದೆ, ಸೊಂಟ ನೆಟ್ಟಗಾಗ್ತಿಲ್ಲ, ಅದರ ಮೇಲೆ ಇದು. ಹೊಸ ಸ್ಪ್ರಿಂಗ್ ಅಲ್ವಾ, ನಾಲ್ಕು ದಿನ ಓಡಿದ್ರೆ ಕೂತ್ಕೊಳ್ಳುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡು ಕೈ ತೊಳೆಯೋಕೆ ಹೋದೆ.

ನನ್ನದು 1975ರ ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು, ಕಪ್ಪು ರಬ್ಬರ್ ಬಂಪರ್ ಇರೋದು. ಇಂಗ್ಲೆಂಡಿನ ಆಬಿಂಗ್ಡನ್ ಫ್ಯಾಕ್ಟರೀಲಿ 1962ರಲ್ಲಿ ಈ ಕಾರು ಶುರುವಾದಾಗ ಕ್ರೋಮ್ ಬಂಪರ್ ಹಾಕ್ಕೊಂಡು ನೆಲಕ್ಕೆ ಅಂಟಿದ ಹಾಗೆ ಇತ್ತು. 1974ರ ಕೊನೆ ಹೊತ್ತಿಗೆ ಅಮೆರಿಕದ ಬಂಪರ್ ನಿಯಮಕ್ಕೆ ಹೊಂದಿಸಬೇಕು ಅಂತ ಆ ಕ್ರೋಮ್ ತೆಗೆದು ರಬ್ಬರ್ ಹಾಕಿ, ಕಾರನ್ನೂ ಸುಮಾರು ಒಂದಿಂಚು ಎತ್ತರ ಮಾಡಿದ್ರು, ಅದು ಸಾಲದು ಅಂತ ತಿರುವಲ್ಲಿ ಕಾರು ವಾಲದ ಹಾಗೆ ತಡೆಯೋ ಮುಂದಿನ ಆಂಟಿ ರೋಲ್ ಬಾರನ್ನೂ ಕಿತ್ತುಹಾಕಿದ್ರು. ಕಾರು ಎತ್ತರ ಮಾಡಿದಾಗಲೇ ಆ ಬಾರ್ ಹೆಚ್ಚು ಬೇಕಾಗೋದು, ಇವರು ಆಗಲೇ ತೆಗೆದ್ರು! 1977ರ ಮಾಡೆಲ್‌ಗೆ ವಾಪಸ್ ಹಾಕಿದ್ರಂತೆ, ನನ್ನ ಕಾರು ಮಾತ್ರ ಆ ಮಧ್ಯದ ಕಾಲದ್ದು. ತಿರುವಲ್ಲಿ ಸ್ಟೀರಿಂಗ್ ತಿರುಗಿಸಿದ್ರೆ ಮೊದಲು ದೋಣಿ ಥರ ವಾಲಿ, ಆಮೇಲೆ ಯೋಚನೆ ಮಾಡಿ ತಿರುಗೋದು.

ಹೆಂಗೂ ಕಾರು ಜಾಕ್ ಮೇಲೆ ಏರುತ್ತಲ್ಲ, ಎಕ್ಸಾಸ್ಟೂ ಮಾಡಿಬಿಡೋಣ ಅನ್ನಿಸ್ತು. ಹಳೇ ಪೈಪು ತುಕ್ಕು ಹಿಡಿದು ಜರಡಿ ಆಗಿತ್ತು. ಹಾಗಾಗಿ ಸ್ಟೇನ್‌ಲೆಸ್ ಸ್ಟೀಲಿನ ಸಿಂಗಲ್ ಸೈಲೆನ್ಸರ್ ಸಿಸ್ಟಮ್, ಎಂಜಿನ್ನಿಂದ ಹೊಗೆಯನ್ನ ಪೈಪಿಗೆ ಸೇರಿಸೋ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಬದಲು ಮೂರು ಕವಲಿನ ಟ್ಯೂಬ್ ಮ್ಯಾನಿಫೋಲ್ಡ್, ತಗ್ಗಿನ ಸ್ಪ್ರಿಂಗ್, ಹಿಂದಗಡೆ ತಗ್ಗಿಸೋಕೆ ಲೋಯರಿಂಗ್ ಬ್ಲಾಕ್, ಸಸ್ಪೆನ್ಷನ್ ತೋಳಿನ ಕೀಲಿಗೆ ಹಾಕೋ ಹೊಸ ರಬ್ಬರ್ ಬುಷ್‌ಗಳು, ಒಂದು ಆಂಟಿ ರೋಲ್ ಬಾರ್, ಎಲ್ಲ ತರಿಸಿ ಗ್ಯಾರೇಜ್ ತುಂಬ ಹರಡ್ಕೊಂಡೆ. ಮದುವೆ ಮನೆ ಥರ ಇತ್ತು.

ನಾಲ್ಕು ಸಿಲಿಂಡರಿಗೆ ಮೂರೇ ಕವಲು ಯಾಕೆ ಅಂತ ಕೇಳೋರಿಗೆ, ಈ 1798 ಸಿಸಿ ಬಿ-ಸೀರೀಸ್ ಎಂಜಿನ್ನಿನ ಹೆಡ್ಡಲ್ಲಿ ಎರಡನೇ ಮತ್ತೆ ಮೂರನೇ ಸಿಲಿಂಡರಿನ ಹೊಗೆ ಒಂದೇ ಬಾಗಿಲಿಂದ ಹೊರಗೆ ಬರುತ್ತೆ. ಗಾಳಿ ಒಳಗೆ ಹೋಗೋಕೂ ನಾಲ್ಕು ಸಿಲಿಂಡರಿಗೆ ಎರಡೇ ದಾರಿ. ಅಂದ್ರೆ ಉಸಿರು ಕಟ್ಟೋದು ಹೆಡ್ಡಲ್ಲೇ, ಹಿಂದೆ ಎಷ್ಟು ದಪ್ಪ ಪೈಪ್ ಹಾಕಿದ್ರೂ ಪವರ್ ಅಷ್ಟೇನೂ ಏರಲ್ಲ. ಇದು ನನಗೆ ಮೊದಲೇ ಗೊತ್ತಿತ್ತು, ಆದ್ರೂ ತಗೊಂಡೆ. ಸೌಂಡಿಗೋಸ್ಕರ ತಗೊಂಡೆ ಅಂತ ಒಪ್ಕೊಳ್ಳೋದ್ರಲ್ಲಿ ನಾಚಿಕೆ ಏನಿದೆ.

ಸ್ಪ್ರಿಂಗ್ ತೆಗೆಯೋದೇ ಭಯದ ಕೆಲಸ. ಎಂಜಿಬೀಲಿ ಮುಂದೆ ಚಕ್ರವನ್ನ ಮೇಲಿಂದ ಹಿಡಿಯೋಕೆ ವಿಶ್‌ಬೋನ್ ಅನ್ನೋ ಬೇರೆ ತೋಳಿಲ್ಲ, ಲಿವರ್ ಆರ್ಮ್ ಶಾಕ್ ಅಬ್ಸಾರ್ಬರಿನ ತೋಳೇ ಆ ಕೆಲಸಾನೂ ಮಾಡುತ್ತೆ. ಕೆಳಗಿನ ಸ್ಪ್ರಿಂಗ್ ಪ್ಯಾನಿಗೆ ಜಾಕ್ ಕೊಟ್ಟು ಎತ್ತಿ ಹಿಡಿದು, ಮೇಲೆ ಕಿಂಗ್ ಪಿನ್ನಿಗೂ (ಚಕ್ರ ಎಡಬಲ ತಿರುಗೋ ಗೂಟ) ಆ ತೋಳಿಗೂ ಇರೋ ಬೋಲ್ಟ್ ಬಿಡಿಸಿ, ಬ್ರೇಕ್ ಪೈಪ್ ಎಳೆದುಕೊಳ್ಳದ ಹಾಗೆ ಹಬ್ಬನ್ನ ಪಕ್ಕಕ್ಕೆ ಕಟ್ಟಿ, ಜಾಕನ್ನ ಕೂದಲೆಳೆಯಷ್ಟೇ ಇಳಿಸ್ತಾ ಬರಬೇಕು. ಇಳಿಸ್ತಿದ್ದಾಗ ಸ್ಪ್ರಿಂಗು ಒಂದು ಸಲ 'ಟಂಗ್' ಅಂತು ನೋಡಿ, ನಾನು ಕೂತಲ್ಲೇ ಹಿಂದಕ್ಕೆ ಜರುಗಿದೆ. ಸುರುಳಿ ಜಾರಿ ಕೂತ ಸದ್ದು ಅಷ್ಟೇ, ಏನೂ ಆಗಿಲ್ಲ, ಆದ್ರೆ ಆಮೇಲೆ ಆ ಕಡೆ ಮುಖ ಇಟ್ಟು ಕೆಲಸ ಮಾಡಿಲ್ಲ.

ಕೆಳಗಿನ ತೋಳುಗಳಿಗೆ ಹಾಕಿದ್ದು ವಿ8 ಬುಷ್. 1973ರಿಂದ 1976ರ ತನಕ ಬಂದ ಎಂಜಿಬಿ ಜಿಟಿ ವಿ8ಗೆ ಕೊಟ್ಟಿದ್ದ ಬುಷ್ ಇದು, ಮಾಮೂಲಿ ಕಾರಿಗೂ ಸರಿಯಾಗಿ ಕೂರುತ್ತೆ. ಮಾಮೂಲಿ ಬುಷ್ ಎರಡು ತುಂಡು ರಬ್ಬರು, ಇದು ನಡುವೆ ಲೋಹದ ಕೊಳವೆ, ಅದಕ್ಕೆ ಅಂಟಿಸಿದ ರಬ್ಬರು. ಆ 'ಅಂಟಿಸಿದ' ಅನ್ನೋ ಮಾತನ್ನ ನಾನು ಆವತ್ತು ತಲೆಗೆ ಹಾಕ್ಕೊಂಡಿರಲಿಲ್ಲ. ಬುಷ್ ವೈಸಲ್ಲಿ ಒತ್ತಿ ಕೂರಿಸಿ, ತೋಳು ಹಾಕಿ, ಕಾರು ಸ್ಟ್ಯಾಂಡ್ ಮೇಲೆ ಇದ್ದಾಗಲೇ ನಟ್‌ಗಳನ್ನ ಚೆನ್ನಾಗಿ ಬಿಗಿದು ಪಿನ್ ಹಾಕಿ ಮುಗಿಸಿದೆ.

ಎಕ್ಸಾಸ್ಟ್ ಸಲೀಸಾಗಿ ಕೂತು, ಎಂಜಿನ್ ಸ್ಟಾರ್ಟ್ ಮಾಡಿದ್ರೆ ಒಳ್ಳೆ ಗಂಟಲು ಸರಿ ಮಾಡ್ಕೊಂಡ ಹಾಗೆ ಸದ್ದು. ಅದರ ಹಿಂದೆಯೇ ಇನ್ನೊಂದು ಸದ್ದು, 'ಚಿಕ್ ಚಿಕ್ ಚಿಕ್' ಅಂತ. ವಾಲ್ವ್ ತೆರೆಯೋ ಟ್ಯಾಪೆಟ್ ಅಂದ್ಕೊಂಡು ಒಂದು ಗಂಟೆ ಅದರ ಗ್ಯಾಪ್ ಚೆಕ್ ಮಾಡಿದೆ, ಎಲ್ಲ ಸರಿ ಇತ್ತು. ಎಂಜಿನ್ ತಣ್ಣಗಾದ ಮೇಲೆ ಇನ್ನೊಂದ್ಸಲ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡ್ ಹತ್ರ ಕೈ ಹಿಡಿದ್ರೆ ಹೊಗೆ ಬೆರಳಿಗೆ ಪುಸು ಪುಸು ಹೊಡೀತಿದೆ. ಈ ಎಂಜಿನ್ನಲ್ಲಿ ಇನ್‌ಲೆಟ್ಟೂ ಎಕ್ಸಾಸ್ಟೂ ಒಂದೇ ಕಡೆ, ಅಕ್ಕಪಕ್ಕ. ನಡುವಿನ ಸ್ಟಡ್‌ಗಳ ಮೇಲೆ ಒಂದೊಂದು ದಪ್ಪ ವಾಷರ್, ಆ ಒಂದೇ ವಾಷರ್ ಅರ್ಧ ಇನ್‌ಲೆಟ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂತು ಎರಡನ್ನೂ ಒತ್ತಿ ಹಿಡಿಯುತ್ತೆ. ಹೊಸ ಮ್ಯಾನಿಫೋಲ್ಡಿನ ಫ್ಲಾಂಜ್, ಅಂದ್ರೆ ಹೆಡ್ಡಿಗೆ ಒತ್ತಿ ಕೂರೋ ಅಂಚು, ಹಳೇದಕ್ಕಿಂತ ತೆಳು, ವರ್ನಿಯರ್ ಹಿಡಿದ್ರೆ ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ವಾಷರ್ ವಾರೆಯಾಗಿ ಇನ್‌ಲೆಟ್ಟನ್ನ ಮಾತ್ರ ಒತ್ತಿದೆ, ಎಕ್ಸಾಸ್ಟ್ ಸಡಿಲ. ವಾಷರಿನ ಒಂದು ಅರ್ಧವನ್ನ ಆ ಒಂದೂವರೆ ಮಿಲಿಮೀಟರ್ ಆಗೋವರೆಗೂ ಅರದಿಂದ ಉಜ್ಜಿ ಮೆಟ್ಟಿಲು ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿದೆ. ಒಂದೊಂದು ವಾಷರಿಗೂ ಅರ್ಧ ಗಂಟೆ ಹಿಡೀತು. ಚಿಕ್ ಚಿಕ್ ಹೋಯ್ತು, ಆಕ್ಸಿಲರೇಟರ್ ಬಿಟ್ಟಾಗ ಬರ್ತಿದ್ದ ಪಟಾಕಿ ಸದ್ದೂ ಅದರ ಜೊತೆಗೇ ಹೋಯ್ತು (ಅದು ಇರಲಿ ಅನ್ನಿಸಿತ್ತು, ನಿಜ ಹೇಳ್ಬೇಕಂದ್ರೆ).

ಒಂದು ವಾರ ಓಡಿಸಿದೆ. ಮೂತಿ ಇಳೀಲೇ ಇಲ್ಲ, ಸಣ್ಣ ಗುಂಡಿಗೂ ಮುಂದಗಡೆ ಎತ್ತಿ ಎತ್ತಿ ಕುಕ್ಕುತ್ತೆ. ಅಣ್ಣ ಬಂದೋನು ಒಂದು ಸುತ್ತು ಬಂದು, ಬಾನೆಟ್ ಮೇಲೆ ಕೈಯಿಟ್ಟು ಎರಡು ಸಲ ಅದುಮಿ ಕೇಳಿದ:

"ಲೋ, ಕೆಳಗಿನ ಬುಷ್ ನಟ್ ಯಾವಾಗ ಬಿಗಿ ಮಾಡ್ದೆ?"

"ಸ್ಟ್ಯಾಂಡ್ ಮೇಲೆ ಇದ್ದಾಗಲೇ ಕಣೋ. ಆಮೇಲೆ ಯಾರು ಮತ್ತೆ ಕೆಳಗೆ ನುಗ್ತಾರೆ."

"ನುಗ್ಗು ಈಗ."

ಅಂಟಿಸಿದ ರಬ್ಬರ್ ಬುಷ್ ಜಾರಲ್ಲ, ತಿರುಚಿಕೊಳ್ಳುತ್ತೆ. ಚಕ್ರ ಜೋತು ಬಿದ್ದಿದ್ದಾಗ ನಟ್ ಬಿಗಿದ್ರೆ ರಬ್ಬರಿಗೆ ಅದೇ ತನ್ನ ಜಾಗ ಅನ್ಸುತ್ತೆ, ಕಾರು ನೆಲಕ್ಕಿಳಿದಾಗ ಅದು ಇನ್ನೊಂದು ಸ್ಪ್ರಿಂಗ್ ಥರ ವಾಪಸ್ ತಳ್ತಾನೇ ಇರುತ್ತೆ. ಹಾಗೇ ಬಿಟ್ಟಿದ್ರೆ ರಬ್ಬರು ಬೇಗ ಹರಿದೂ ಹೋಗ್ತಿತ್ತು. ಕಾರನ್ನ ರ‍್ಯಾಂಪ್ ಹತ್ತಿಸಿ, ಪೂರ್ತಿ ಭಾರ ಚಕ್ರದ ಮೇಲೆ ಇರೋ ಹಾಗೆ ನಿಲ್ಲಿಸಿ, ಮಲಗಿ ಒಳಗೆ ಹೋಗಿ ಸ್ಪ್ಯಾನರ್ ಕೊಟ್ಟೆ. ನಟ್ ಸಡಿಲಾಗಿದ್ದೇ 'ಕರ್ರ್' ಅಂತ ಒಂದು ಸದ್ದು ಬಂತು, ನನ್ನ ಮೂಗಿನ ಮೇಲೆ ಕಾರು ನಿಧಾನಕ್ಕೆ ಇಳೀತು. ಬೇರೆ ದಿನ ಆಗಿದ್ರೆ ಹೆದರಿ ಹೊರಗೆ ಓಡ್ತಿದ್ದೆ, ಆವತ್ತು ನಗು ಬಂತು. ಅಣ್ಣ ಮುಂದಗಡೆ ನಾಲ್ಕು ಸಲ ಕುಲುಕಿಸಿದ, ಮತ್ತೆ ಬಿಗಿ ಮಾಡಿದೆ. ನೋಡೋಕೆ ಈಗ ಅದು ಎಂಜಿಬಿ.

ಓಡಿಸೋಕೂ ಬೇರೆ ಕಾರು. ಸ್ಟೀರಿಂಗ್ ತಿರುಗಿಸಿದ ಕೂಡ್ಲೇ ಮೂತಿ ಆ ಕಡೆ ತಿರುಗುತ್ತೆ, ಬ್ರೇಕ್ ಹಾಕಿದಾಗ ಆ ಕಡೆ ಈ ಕಡೆ ತಡಕಾಡಲ್ಲ. ನನ್ನ ಲೆಕ್ಕದಲ್ಲಿ ಇದರಲ್ಲಿ ಸ್ಪ್ರಿಂಗಿಗಿಂತ ಬುಷ್‌ಗಳ ಪಾಲೇ ಜಾಸ್ತಿ, ಆದ್ರೆ ಎಲ್ಲ ಒಟ್ಟಿಗೆ ಬದಲಾಯಿಸಿದ್ದಕ್ಕೆ ಎದೆ ತಟ್ಟಿ ಹೇಳೋಕಾಗಲ್ಲ. ಖುಷೀಲಿ ಮನೆ ಕಡೆ ತಿರುಗಿಸಿದ್ವಿ, ಮೊದಲನೇ ಹಂಪಲ್ಲೇ ಕೆಳಗಿಂದ 'ಗರ್ರ್ರ್' ಅಂತ ಹಲ್ಲು ಜುಮ್ಮೆನ್ನಿಸೋ ಸದ್ದು. ಒಂದು ವಾರ ಇದೇ ಹಂಪ್ ದಾಟಿದೀನಿ, ಒಂದ್ಸಲಾನೂ ತಾಗಿರಲಿಲ್ಲ. ಬುಷ್ ತಪ್ಪಾಗಿ ಬಿಗಿದಿದ್ದರಿಂದ ಮೂತಿ ಎತ್ತರ ಇತ್ತು, ಹಾಗಾಗಿ ಪೈಪಿಗೆ ಜಾಗ ಇತ್ತು. ಒಂದು ತಪ್ಪು ಸರಿ ಮಾಡಿದ್ದಕ್ಕೆ ಅದರ ನೆರಳಲ್ಲಿ ಅಡಗಿದ್ದ ಇನ್ನೊಂದು ಹೊರಗೆ ಬಂತು.

ಟಾರ್ಚ್ ಹಿಡಿದು ನೋಡಿದ್ರೆ ಪೈಪಿಗೆ ಏನೂ ಆಗಿಲ್ಲ. ಮ್ಯಾನಿಫೋಲ್ಡಿನ ಕವಲುಗಳು ಸೇರಿ ಪೈಪಿಗೆ ಕೂಡೋ ಜಾಗದಲ್ಲಿ ಯು ಕ್ಲಾಂಪ್ ಹಾಕಿದ್ದೆ, ಸ್ಪ್ಯಾನರ್ ಹಾಕೋಕೆ ಸುಲಭ ಅಂತ ಅದರ ನಟ್ಟು, ಉದ್ದ ಥ್ರೆಡ್ಡು ಎರಡೂ ನೆಲಕ್ಕೆ ಮುಖ ಮಾಡಿ ಬಿಟ್ಟಿದ್ದೆ. ಇಡೀ ಕಾರಲ್ಲಿ ಅದೇ ಎಲ್ಲಕ್ಕಿಂತ ಕೆಳಗೆ. ಥ್ರೆಡ್ಡಿನ ತುದಿ ಬೆಳ್ಳಿ ಥರ ಹೊಳೀತಿತ್ತು. ಕ್ಲಾಂಪ್ ಸಡಿಲ ಮಾಡಿ ಪಕ್ಕಕ್ಕೆ ತಿರುಗಿಸಿ ಉಳಿದ ಥ್ರೆಡ್ ಕೊಯ್ದು ಹಾಕಿದೆ, ಎರಡು ಬೆರಳಿನಷ್ಟು ಜಾಗ ಸಿಕ್ತು. ಹಂಪ್ ಈಗ ನಿಧಾನಕ್ಕೆ ಓರೆಯಾಗಿ ಹತ್ತಿಸಿದ್ರೆ ತಾಗಲ್ಲ.

ಬಗೆಹರಿಯದೆ ಉಳಿದಿದ್ದು ಒಂದೇ, ಗುಂಯ್‌ಗುಡೋದು. ಟಾಪ್ ಗೇರಲ್ಲಿ 85 ಕಿಲೋಮೀಟರ್ ಸುಮಾರಿಗೆ 3000 ಆರ್‌ಪಿಎಂ ಬರುತ್ತೆ, ನಾಲ್ಕು ಸಿಲಿಂಡರ್ ಎಂಜಿನ್ ಅಲ್ಲಿ ಸೆಕೆಂಡಿಗೆ ನೂರು ಸಲ ಫೈರ್ ಆಗುತ್ತೆ, ಸರಿಯಾಗಿ ಅದೇ ಸದ್ದು ಸೀಟಿನ ಹಿಂದೆ ಜೇನುಗೂಡು ಕಟ್ಟಿದ ಹಾಗೆ ಕೂರುತ್ತೆ. ಹಳೇ ಸಿಸ್ಟಮಲ್ಲಿ ಎರಡನೇ ಸೈಲೆನ್ಸರ್ ಇದ್ದಿದ್ದು ಸುಮ್ನೆ ಅಲ್ಲ. ಟಾಪ್ ಗೇರಿಗಿಂತ ಮೇಲೊಂದು ಗೇರ್ ಥರ ಇರೋ ಓವರ್‌ಡ್ರೈವ್‌ನ ಸ್ವಿಚ್ ಒತ್ತಿದ್ರೆ ಅದೇ ಸ್ಪೀಡಿಗೆ ಆರ್‌ಪಿಎಂ 2500ರ ಹತ್ರ ಇಳಿದು ಸದ್ದು ಮಾಯ. ಸದ್ಯಕ್ಕೆ ನನ್ನ ಎರಡನೇ ಸೈಲೆನ್ಸರ್ ಆ ಸ್ವಿಚ್ಚೇ.

ಆಂಟಿ ರೋಲ್ ಬಾರ್ ಇನ್ನೂ ಪೆಟ್ಟಿಗೇಲೇ ಇದೆ. ಅದೂ ಹಾಕಿಬಿಡೋಣ್ವಾ ಅಂತ ಆವತ್ತೇ ಕೇಳಿದ್ದಕ್ಕೆ ಅಣ್ಣ ಸ್ಪ್ಯಾನರ್ ಡಬ್ಬಿ ಮುಚ್ಚಿ ಅದರ ಮೇಲೇ ಕೂತ್ಕೊಂಡ.