ಕಾಂಟೆ: ಚೆಂಡು ಕಸಿಯುವ ಕಲೆ

ಫ್ರಾನ್ಸಿನ ಫುಟ್‌ಬಾಲ್ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದ ಆಟಗಾರ) ಎನ್‌ಗೋಲೊ ಕಾಂಟೆ ಅವರ ವೃತ್ತಿಜೀವನವನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಅವರು ಗೆದ್ದ ಕಪ್‌ಗಳಲ್ಲ, ಎದುರಾಳಿಯ ಕಾಲಿನಿಂದ ಸದ್ದಿಲ್ಲದೆ ಚೆಂಡನ್ನು ಕಸಿದುಕೊಳ್ಳುವ ಆ ಚುರುಕುತನ. ಪ್ಯಾರಿಸ್ ಹೊರವಲಯದ ಸುರೇನ್ ಎಂಬಲ್ಲಿನ ಸಣ್ಣ ಕ್ಲಬ್‌ನಲ್ಲಿ ಆಡುತ್ತ ಬೆಳೆದ ಅವರು, ಬುಲೋನ್ ಮತ್ತು ಕಾನ್ ತಂಡಗಳನ್ನು ದಾಟಿ 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಸೇರಿದರು. ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಆ ತಂಡ ಮರುವರ್ಷವೇ ಅಲ್ಲಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದಿತು. ಲಂಡನ್ನಿನ ಚೆಲ್ಸಿ ಕ್ಲಬ್‌ಗೆ ಹೋದ ಮೇಲೆ 2017ರಲ್ಲಿ ಅದೇ ಪ್ರಶಸ್ತಿ ಅವರಿಗೆ ಮತ್ತೆ ದಕ್ಕಿತು. 2018ರ ವಿಶ್ವಕಪ್ ಫೈನಲ್‌ನಲ್ಲಿ ಅವರನ್ನು ನಡುವೆಯೇ ಹೊರಕರೆದರೂ, ಅಲ್ಲಿಯವರೆಗಿನ ಫ್ರಾನ್ಸಿನ ಹಾದಿಯಲ್ಲಿ ಅವರ ದುಡಿಮೆ ದೊಡ್ಡದೆಂದೇ ನನ್ನ ಎಣಿಕೆ. ಯುರೋಪಿನ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನ 2021ರ ಸೆಮಿಫೈನಲ್‌ನ ಎರಡೂ ಪಂದ್ಯಗಳಲ್ಲಿ, ಬಳಿಕ ಪೋರ್ಟೊದಲ್ಲಿ ಮ್ಯಾಂಚೆಸ್ಟರ್ ಸಿಟಿಯ ವಿರುದ್ಧ ನಡೆದ ಫೈನಲ್‌ನಲ್ಲಿಯೂ ಪಂದ್ಯಶ್ರೇಷ್ಠರಾದವರು ಕಾಂಟೆಯೇ.